ನಡುಗಡ್ಡೆಯ ಗುಡಿಗೆ ಹೋದ ಶಹರಬಾನು

ಶಹರಬಾನು ಹೊಳೆಯ ಮೀನು ತಿನ್ನುವುದನ್ನು ಬಿಟ್ಟು ಇಪ್ಪತ್ತನಾಲ್ಕು ವರ್ಷಗಳಾಗಿದ್ದವು. ಬಾಗಲಕೋಟೆಯ ಆಚೆಗಿನ ಪುನರ್ವಸತಿ ಕೇಂದ್ರದಲ್ಲಿ ಅವಳ ಓಣಿಗೆ ವಾರಕ್ಕೆರಡು ಸಲ ಮೀನಿನವಳು ಬುಟ್ಟಿ ಹೊತ್ತು ಬರುತ್ತಿದ್ದಳು. ಉಳಿದ ಮನೆಗಳ ಮುಂದೆ ನಿಂತು ಕೂಗಿ, ಇವಳ ಮನೆ ಬಂದಾಗ ದನಿ ತಗ್ಗಿಸಿ ದಾಟಿಹೋಗುತ್ತಿದ್ದಳು. ಕಾರಣ ಎಲ್ಲರಿಗೂ ಗೊತ್ತಿತ್ತು. ಹಳೆಯ ಊರು ಘಟಪ್ರಭೆಯ ಹಿನ್ನೀರಿನಲ್ಲಿ ಮುಳುಗಿದಾಗ ಊರಿನ ಜೊತೆ ಕಬರಸ್ಥಾನವೂ ಮುಳುಗಿತ್ತು. ಅಲ್ಲಿ ಅವಳ ಮಗಳು ತಬಸುಮಳನ್ನು ಮಣ್ಣು ಮಾಡಿದ್ದರು.

ತಬಸುಮಳಿಗೆ ಆಗ ಆರು ವರ್ಷ. ಸಾಲಿಗೆ ಹೆಸರು ಹಚ್ಚಿ ಎರಡು ತಿಂಗಳಾಗಿತ್ತು. ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅವರ ಮನೆತನದಲ್ಲಿ ಹೆಂಗಸರು ಕಬರಸ್ಥಾನಕ್ಕೆ ಹೋಗುವ ವಾಡಿಕೆ ಇರಲಿಲ್ಲ. ಕಲ್ಲು ಕಟ್ಟುವ ಗೌಂಡಿಯಾಗಿದ್ದ ಗಂಡ ಅಹ್ಮದಸಾಬ ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟಾಗ ಶಹರಬಾನು ಹೊಸ್ತಿಲಲ್ಲೇ ಉಳಿದಳು. ಸಂಜೆಗೆ ಬಂದು, "ಬೇವಿನ ಗಿಡದ ಬುಡಕ್ಕ ಮಲಗಿಸೇನಿ, ನೆಳ್ಳು ಐತಿ" ಎಂದಷ್ಟೇ ಹೇಳಿದ. ಒಂದು ದಿನ ದೂರದಿಂದಾದರೂ ಆ ಜಾಗ ತೋರಿಸುತ್ತೇನೆ ಎಂದಿದ್ದ. ಅಷ್ಟರಲ್ಲಿ ಊರು ಬಿಡುವ ನೋಟಿಸು ಬಂತು. ಹೊಸ ಜಾಗದಲ್ಲಿ ಗೋಡೆ ಏಳುವ ಮೊದಲೇ ಆ ವರ್ಷದ ಮಳೆಗೆ ನೀರು ಏರಿತು.

"ಎಲ್ಲಾರ ಮನಿ ಬಾಗಲಾ, ಚೌಕಟ್ಟು, ಹಂಚು ಎಲ್ಲಾ ಹೊತ್ಕೊಂಡು ಬಂದ್ರಿ. ನನ್ನ ಮಗಳನ್ನ ನೀರಾಗ ಬಿಟ್ಟು ಬಂದ್ರಿ" ಎಂದು ಅವಳು ಗಂಡನಿಗೆ ಹೇಳಿದ್ದು ಒಂದು ಸಲವಲ್ಲ. ಅಹ್ಮದಸಾಬ ಕರಣಿ, ಓಳಂಬದಂಥ ಗೌಂಡಿ ಸಾಮಾನುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋಗುತ್ತಿದ್ದ. ಆಮೇಲೆ ಮತೀನ ಹುಟ್ಟಿದ. ದೊಡ್ಡವನಾಗಿ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗೆ ಸೇರಿದ. ಶಹರಬಾನು ಹಳೆಯ ಇಳಕಲ್ಲ ಸೀರೆಗಳ ಕೌದಿ ಹೊಲಿಯುವುದರಲ್ಲಿ ಹೆಸರು ಮಾಡಿದಳು. ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಊಟ, ನಿದ್ದೆ, ಹಬ್ಬ ಎಲ್ಲ ಮಾಡಿದರು. ಮಗಳ ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಅಹ್ಮದಸಾಬನ ಕಿಡ್ನಿ ಕೈಕೊಟ್ಟವು. ದವಾಖಾನೆಯ ಮಂಚದ ಮೇಲೆ ಒಂದು ಮಧ್ಯಾಹ್ನ ಅವನು ಹೆಂಡತಿಯ ಮುಂಗೈ ಹಿಡಿದು, "ಬಾನು, ನಮ್ಮ ತಬಸುಮ..." ಎಂದ.

"ಈಗ್ಯಾಕ್ರಿ ಆ ಹೆಸರು?" ಎಂದು ಅವಳು ಕೈ ಬಿಡಿಸಿಕೊಂಡಳು.

ಅವನು ನಾಲ್ಕು ದಿನಕ್ಕೆ ತೀರಿಕೊಂಡ.

ಸಂಕ್ರಾಂತಿಗೆ ಓಣಿಯ ಸ್ತ್ರೀಶಕ್ತಿ ಸಂಘದವರು ಹಿನ್ನೀರಿನ ನಡುಗಡ್ಡೆಗೆ ಹೊರಟರು. ಅದು ಹಳೆಯ ಊರಿನ ಗುಡ್ಡ. ನೀರು ನಿಂತ ಮೇಲೆ ನಾಲ್ಕೂ ಕಡೆಯಿಂದ ಕಡಿದುಹೋಗಿ, ಜಾಲಿ ಕಾರೆ ಬೆಳೆದು ಅಡವಿಯಾಗಿತ್ತು. ಅದರೊಳಗೆ ಯಾವ ಕಾಲದವೋ ಮೂರು ಕಲ್ಲುಗುಡಿಗಳಿದ್ದವು. ಸಂಘದಲ್ಲಿದ್ದ ಅಂಗನವಾಡಿ ಟೀಚರು ಪ್ರಿಯದರ್ಶಿನಿ, ಗಂಡ ಸತ್ತ ಮೇಲೆ ಮನೆಯಲ್ಲೇ ಕಳೆಯುವ ಇದ್ದತ್ತಿನ ದಿನಗಳು ಶಹರಬಾನುವಿಗೆ ಮುಗಿದದ್ದು ಗೊತ್ತಿದ್ದು ಕರೆಯಲು ಬಂದಳು.

"ಚಾಚಿ, ನೀವೂ ಬರ್ರಿ. ಎಷ್ಟು ದಿನ ಒಬ್ಬಾಕಿನ ಕುಂದರ್ತೀರಿ?"

ಶಹರಬಾನು ಒಲ್ಲೆ ಎನ್ನಲು ಬಾಯಿ ತೆರೆದವಳು, "ಬೋಟು ನಮ್ಮ ಊರ ಮ್ಯಾಲಿಂದ ಹಾಯ್ತೈತೇನು?" ಎಂದು ಕೇಳಿದಳು. ಹಾಯ್ತೈತಿ ಎಂದಾಗ ಒಪ್ಪಿದಳು. ಅವಳು ಬರುತ್ತಾಳೆಂದು ತಿಳಿದು ಹೊಳಬಸಪ್ಪನೂ ಬೋಟು ಹತ್ತಿದ. ಅವನು ಅಹ್ಮದಸಾಬನ ಬಾಲ್ಯದ ಗೆಳೆಯ, ಹಳೆಯ ಊರಿನಲ್ಲಿ ಎದುರು ಮನೆಯವನು. ಈಗ ಎಪ್ಪತ್ತು ದಾಟಿತ್ತು. ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಊರುಗೋಲು.

ಹೆಂಗಸರು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಬುಟ್ಟಿಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಮೀನುಗಾರ ಸೋಮಲಿಂಗ ಎಂಜಿನ್ ಶುರು ಮಾಡಿದ. ಸ್ವಲ್ಪ ದೂರ ಹೋದ ಮೇಲೆ ಪ್ರಿಯದರ್ಶಿನಿ, "ಇಲ್ಲೇ ಕೆಳಗ ನಿಮ್ಮ ಊರು" ಎಂದಳು. ಶಹರಬಾನು ಬಗ್ಗಿ ನೋಡಿದಳು. ನೀರು ಹಸಿರಾಗಿ, ದಪ್ಪಗೆ ಇತ್ತು. ಏನೂ ಕಾಣಲಿಲ್ಲ. ಬೆರಳ ತುದಿಯನ್ನು ನೀರಿಗೆ ತಾಗಿಸಿ, ತಣ್ಣಗಿದೆ ಅನಿಸಿ ಕೈ ಹಿಂದೆ ತೆಗೆದುಕೊಂಡಳು. ಮಗಳಿಗೆ ಚಳಿ ಆಗುತ್ತಿರಲಿಲ್ಲ, ರಾತ್ರಿಯೆಲ್ಲ ಹೊದಿಕೆ ಒದೆಯುತ್ತಿದ್ದಳು ಎಂಬುದು ಸುಮ್ಮನೆ ನೆನಪಾಯಿತು.

ಆಗ ಸೋಮಲಿಂಗ ಹಿಂದಿನಿಂದ ಹೇಳಿದ: "ಚಾಚಿ, ನಿಮ್ಮ ಮನಿಯವ್ರು ಇದ್ದಾಗ ವರ್ಷಕ್ಕ ಎರಡು ಸಲ ನನ್ನ ಬೋಟಿನ್ಯಾಗ ಬರ್ತಿದ್ರು ನೋಡ್ರಿ. ಗುಡ್ಡದ ಮ್ಯಾಲ ಒಬ್ಬರ ಹೋಗಿ, ತಾಸು ಎರಡು ತಾಸು ಇದ್ದು ಬರ್ತಿದ್ರು. ಭಾಳ ಒಳ್ಳೆ ಮನಶಾ."

ಶಹರಬಾನು ತಿರುಗಿದಳು. "ಯಾರು, ನಮ್ಮವ್ರು? ಇಲ್ಲಿಗೆ ಯಾಕ ಬರ್ತಿದ್ರು?"

"ಗುಡಿ ಕಲ್ಲು ಸರಿ ಮಾಡಾಕ ಅಂತಿದ್ರು."

ಅವಳು ಹೊಳಬಸಪ್ಪನ ಮುಖ ನೋಡಿದಳು. ಅವನು ದಂಡೆಯ ಕಡೆ ನೋಡುತ್ತಿದ್ದ.

ಗುಡ್ಡ ಹತ್ತಿದ ಮೇಲೆ ಉಳಿದವರು ಗುಡಿಯ ಕಂಬಗಳ ಮೇಲಿನ ಹಂಸ, ಹೂಬಳ್ಳಿಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತ ನಿಂತರು. ಒಳಗಿಂದ ಬಾವಲಿಗಳ ವಾಸನೆ ಬರುತ್ತಿತ್ತು. ಹೊಳಬಸಪ್ಪ ಕೋಲು ಊರಿಕೊಂಡು ಅವಳ ಹತ್ತಿರ ಬಂದ.

"ತಂಗಿ, ನನ್ನ ಸಂಗಾಟ ಬಾ."

ಮೂರನೆಯ ಗುಡಿಯ ಹಿಂದೆ ಜಾಲಿಯ ಕಂಟಿಯನ್ನು ಯಾರೋ ಕಡಿದು ದಾರಿ ಮಾಡಿದ್ದರು. ಅದರ ಆಚೆ ಬಯಲು. ಅಲ್ಲಿ ಮೂರು ಮಾರು ಉದ್ದದ ಜಾಗದ ಸುತ್ತ ಮೊಣಕಾಲೆತ್ತರದ ಕಟ್ಟೆಗೋಡೆ. ಸುಣ್ಣ ಗಾರೆ ಇಲ್ಲದೆ ಬರಿಯ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ್ದು. ಅಂಥ ಕೆಲಸ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಳಗೆ ಒಂದು ಸಣ್ಣ ಗೋರಿ ಇತ್ತು.

"ನೀರು ಏರಾಕತ್ತಿದ ವಾರ" ಎಂದ ಹೊಳಬಸಪ್ಪ. "ನಸುಕಿನ್ಯಾಗ ಅಹ್ಮದ ನನ್ನ ಬಾಗಲಾ ಬಡದ. 'ಬಸಪ್ಪ, ನನ್ನ ಮಗಳನ್ನ ನೀರಾಗ ಬಿಡೂದಿಲ್ಲ, ಬಾ' ಅಂದ. ಹೊಸಾ ಊರಾಗ ಆಗ ಇನ್ನ ಕಬರಸ್ಥಾನಕ್ಕ ಜಾಗಾ ಕೊಟ್ಟಿರಲಿಲ್ಲ. ನೀರು ಮುಟ್ಟಲಾರದ ಮಣ್ಣು ಅಂದ್ರ ಇದೊಂದ. ಕಬರ ಅಗದು, ಇಬ್ಬರೂ ಕೂಡಿ ಇಲ್ಲಿಗೆ ತಂದ್ವಿ. ಅವ ಬಿಳಿ ಬಟ್ಟಿ ತಂದಿದ್ದ. ನನ್ನ ದೂರ ನಿಂದ್ರಿಸಿ ತಾನ ಎಲ್ಲಾ ಮಾಡ್ದ, ತಾನ ದುವಾ ಓದ್ದ."

ಶಹರಬಾನು ಗೋಡೆ ಹಿಡಿದು ಕುಳಿತಳು. "ನನಗ ಯಾಕ ಹೇಳ್ಲಿಲ್ಲಣ್ಣಾ? ಅಷ್ಟೆಲ್ಲಾ ಬೈದೇನಿ. ಇಪ್ಪತ್ತನಾಲ್ಕು ವರ್ಷ ಬೈದೇನಿ."

"ನಾನೂ ಹೇಳ್ದೆ, ಹೇಳಿಬಿಡೋ ಅಂತ. ಗುಡಿ ಹಿಂದ ಅಂದ್ರ ಮಂದಿ ಏನಂತಾರೋ ಅಂತ ಒಂದು ಅಂಜಿಕಿ ಇತ್ತು ಖರೆ. ಆದ್ರ ಅದಲ್ಲ." ಮುದುಕ ಕೋಲನ್ನು ಗೋಡೆಗೆ ಆನಿಸಿದ. "'ಬಾನುಗ ಹೇಳಿದ್ರ, ನನ್ನ ಮಗಳು ಹೆಂಗಿದ್ಲು ಅಂತ ಕೇಳತಾಳ. ನಾ ಏನ ಹೇಳ್ಲಿ ಬಸಪ್ಪ? ಆಕಿ ಕಣ್ಣಾಗ ಕೂಸು ಹೆಂಗೈತಿ ಹಂಗ ಇರಲಿ' ಅಂದ. ತಾ ಇರೂತನ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ದ."

ಅವಳು ಅಳಲಿಲ್ಲ. ಗೋರಿಯ ಮೇಲೆ ಉದುರಿದ್ದ ಒಣ ಎಲೆಗಳನ್ನು ಒಂದೊಂದಾಗಿ ಹೆಕ್ಕಿದಳು. ಹೋದ ಮಳೆಗಾಲದಿಂದ ಯಾರೂ ಬಂದಿರಲಿಲ್ಲ. ಹುಲ್ಲು ಒಣಗಿ ನಿಂತಿತ್ತು. ಅದನ್ನೂ ಕಿತ್ತಳು. ದವಾಖಾನೆಯಲ್ಲಿ ತನ್ನ ಮುಂಗೈ ಹಿಡಿದ ಆ ಒರಟು ಬೆರಳುಗಳು, ತಾನು ಅವನ್ನು ಬಿಡಿಸಿದ್ದು ಕಣ್ಣ ಮುಂದೆ ಬಂದಾಗ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ಹೊರಬಿದ್ದ ಸದ್ದು ಕೇಳಿ ಗುಡಿಯ ಮುಂದಿದ್ದ ಹೆಂಗಸರು ಓಡಿಬಂದರು. ಹೊಳಬಸಪ್ಪ ಕೈ ಅಡ್ಡ ಮಾಡಿ ಅವರನ್ನು ತಡೆದ.

ಸೋಮಲಿಂಗ ಎರಡು ಸಲ ಕೂಗಿದ ಮೇಲೆ ಎದ್ದಳು. ಬೋಟು ಅರ್ಧ ದಾರಿಗೆ ಬಂದಾಗ ಹೊಳಬಸಪ್ಪನನ್ನು ಕೇಳಿದಳು: "ಅಣ್ಣಾ, ಆ ದಿನ ಅವ್ರು ಅತ್ರೇನು?"

"ನನ್ನ ಮುಂದ ಅಳಲಿಲ್ಲವ್ವಾ. ಕೈ ತೊಳ್ಕೊಂಡು ಬರ್ತೇನಿ ಅಂತ ಹೊಳಿಗೆ ಇಳದ. ಬಿಸಲು ಏರೂತನ ಬರಲಿಲ್ಲ."

ಶುಕ್ರವಾರ ಮತೀನ ಇಳಕಲ್ಲಿನಿಂದ ಬಂದ. ಶಹರಬಾನು ಅವನಿಗೆ ಎಲ್ಲವನ್ನೂ ಹೇಳಿ, ನಮಾಜಿನ ಮೇಲೆ ಅಪ್ಪನ ಗೋರಿಗೆ ಹೋಗಿ ಬಾ ಎಂದಳು. "ಅಮ್ಮಿ ಹೋಗಿ ನೋಡಿ ಬಂದಾಳ ಅಂತ ಹೇಳು. ಹುಲ್ಲು ಕಿತ್ತಾಳ ಅಂತ ಹೇಳು."

ಮತೀನ ಹೋಗಿ ಬಂದ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಹೇಳಿದೇನು?"

"ಹೇಳ್ದೆ ಅಮ್ಮಿ."

"ಜೋರಾಗಿ ಹೇಳಿದೇನು? ಅವ್ರಿಗೆ ಎಡಗಿವಿ ಕೇಳಿಸ್ತಿರಲಿಲ್ಲ."

ಮತೀನ ತಲೆ ತಗ್ಗಿಸಿದ. ಬಿಚ್ಚಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಕಬರಸ್ಥಾನದ ಕಡೆ ನಡೆದ.