ವಿಭೂತಿ ಹಚ್ಚಿದ ಗರಗಸ

ಮರ ಕೊಯ್ಯುವ ಹೊಸ ಮಷಿನ್ನುಗಳನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಗಳುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ಹಗುರ ಅನ್ನುತ್ತಾರೆ, ಹೌದು. ಸಂಜೆಗೆ ಕೈ ಜೋಮು ಹಿಡಿಯುವುದಿಲ್ಲ ಅನ್ನುತ್ತಾರೆ, ಅದೂ ಹೌದು. ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಹೊಗೆ ಉಗುಳುವುದಿಲ್ಲ, ಎಲ್ಲ ಒಪ್ಪಿದೆ. ಆದರೂ ಉರಿಯುತ್ತದೆ. ಈ ಮಾತುಗಳನ್ನೆಲ್ಲ ನಾನು ಮೊದಲು ಕೇಳಿದ್ದು ನಮ್ಮ ಹರಪನಹಳ್ಳಿ ಕಡೆಯ ಅರಸೀಕೆರೆ ಸಂತೆಯಲ್ಲಿ, ಮೈಕ್ ಹಿಡಿದು ನಿಂತ ಒಬ್ಬ ಮನುಷ್ಯನ ಬಾಯಿಂದ. ಅವನ ಮೇಲಿನ ಸಿಟ್ಟು ಮಷಿನ್ನಿನ ಮೇಲೆ ಕೂತುಬಿಟ್ಟಿದೆ.

ನಾನೂ ನಮ್ಮಣ್ಣನೂ ಕೂಡ್ಲಿಗಿಯವರು. ಮರ ಕೊಯ್ದೇ ಹೊಟ್ಟೆ ಹೊರೆದವರು. ಹೊಲದ ಬದುವಿನ ಬೇವು, ಮಾಳಿಗೆ ಮೇಲೆ ವಾಲಿದ ಹುಣಸೆ ಕೊಂಬೆ, ಎಲ್ಲಕ್ಕಿಂತ ಹೆಚ್ಚಾಗಿ ಬಳ್ಳಾರಿ ಜಾಲಿ. ಕೆರೆ ಅಂಗಳದಲ್ಲಿ, ಹಳ್ಳದ ದಂಡೆಯಲ್ಲಿ ಆನೆ ಹೊಕ್ಕರೂ ಕಾಣದಂತೆ ಬೆಳೆದ ಜಾಲಿ. ಇದ್ದಿಲು ಸುಡುವವರು ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಲ್ಲಿಗೆ ಕರೆದರೂ ನಾವು ಹೋಗುತ್ತಿದ್ದೆವು. ಅಣ್ಣ ಮಷಿನ್ ಹಿಡಿಯುತ್ತಿದ್ದ, ನಾನು ಕೊಂಬೆಗೆ ಕಟ್ಟಿದ ಹಗ್ಗ ಎಳೆಯುತ್ತಿದ್ದೆ. ಮಷಿನ್ನಿನ ರಿಪೇರಿ, ಅರ ಹಾಕಿ ಹಲ್ಲು ಹರಿತ ಮಾಡುವುದು, ಎಣ್ಣೆ ಪೆಟ್ರೋಲ್ ಬೆರೆಸುವುದು, ಇವೆಲ್ಲ ನನ್ನ ಪಾಲಿನವು. ಅಣ್ಣ ಅದರ ಒಂದು ನಟ್ಟನ್ನೂ ಮುಟ್ಟಿದವನಲ್ಲ. ನಾನು ಕೈಗೆ ಕೊಟ್ಟರೆ ಹಿಡಿಯುವವನು, ಅಷ್ಟೇ.

ಆ ಮಷಿನ್ನನ್ನು ದಾವಣಗೆರೆಯ ಕಟ್ಟಿಗೆ ಅಡ್ಡೆಯೊಂದರಲ್ಲಿ ಹಳೆಯದಾಗಿದ್ದಾಗಲೇ ಕೊಂಡಿದ್ದೆವು. ಮೈಯೆಲ್ಲ ಲೋಹ. ಬಣ್ಣ ಹೋಗಿ ಬೂದುಗುಂಬಳದ ಹಾಗಾಗಿತ್ತು. ಎತ್ತಿದರೆ ಸೊಂಟ ನೆನಪಾಗಬೇಕು, ಅಷ್ಟು ಭಾರ. ಲಾರಿ ಗ್ಯಾರೇಜಿನಲ್ಲಿ ಚೆಲ್ಲುವ ಸುಟ್ಟ ಆಯಿಲನ್ನೇ ಅದರ ಸರಪಳಿಗೆ ಹಾಕುತ್ತಿದ್ದೆವು. ಪೆಟ್ರೋಲಿಗೆ ಎಣ್ಣೆಯನ್ನು ನಾನು ಕಣ್ಣಳತೆಯಲ್ಲೇ ಸುರಿಯುತ್ತಿದ್ದೆ. ಅದು ಯಾವತ್ತೂ ಮುನಿಸಿಕೊಂಡದ್ದಿಲ್ಲ. ಸ್ಟಾರ್ಟ್ ಮಾಡುವ ಹಗ್ಗದ ಮೂರನೇ ಎಳೆತಕ್ಕೆ ಗುಡುಗಿ, ಹೊಗೆ ಉಗುಳಿ, ಕೊಯ್ಯಲು ನಿಂತರೆ ಹುಣಸೆ ಮರದ ಕೆಂಪು ತಿರುಳನ್ನೂ ಬೆಲ್ಲದಚ್ಚು ಸೀಳಿದಂತೆ ಸೀಳುತ್ತಿತ್ತು.

ಅರಸೀಕೆರೆ ಸಂತೆಗೆ ನಾವು ಹೋದದ್ದು ಹಗ್ಗ ಕೊಳ್ಳಲು. ಹರಪನಹಳ್ಳಿಯ ಮಿಸ್ತ್ರಿಯ ಹತ್ತಿರ ರಿಪೇರಿಗೆ ಬಿಟ್ಟಿದ್ದ ಮಷಿನ್ನನ್ನು ಬಿಡಿಸಿಕೊಂಡು ಬರುತ್ತಿದ್ದರಿಂದ ಅದು ನನ್ನ ಹೆಗಲ ಮೇಲೇ ಇತ್ತು. ಸಂತೆ ಬಾಯಲ್ಲಿ ಹಗರಿಬೊಮ್ಮನಹಳ್ಳಿಯ ಮಷಿನ್ ಅಂಗಡಿಯವನು ಮೇಜು ಹಾಕಿಕೊಂಡು, ಕಿತ್ತಳೆ ಬಣ್ಣದ ಹೊಸ ಮಷಿನ್ನುಗಳನ್ನು ಸಾಲಾಗಿಟ್ಟು ಜನ ಕೂಡಿಸಿದ್ದ. ನನ್ನ ಹೆಗಲು ನೋಡಿದವನೇ ಮೈಕಿನಲ್ಲಿ ಕರೆದ.

"ಬರ್ರಿ ಯಜಮಾನ್ರ, ಇಲ್ಲಿ ಬರ್ರಿ. ನಿಮ್ಮ ಮಷಿನ್ ಇದರ ಬಾಜೂಕ ಇಡ್ರಿ. ಜನ ನೋಡ್ಲಿ."

ಮರ್ಯಾದೆಯಿಂದಲೇ ಕರೆದ. ನಾನು ದಡ್ಡ, ಹೆಮ್ಮೆಯಿಂದ ಇಟ್ಟೆ. ಅವನು ಎರಡನ್ನೂ ಎತ್ತಿ ತೋರಿಸಿದ, ಎರಡನ್ನೂ ಓಡಿಸಿ ತೋರಿಸಿದ. ನಮ್ಮದು ಉಗುಳಿದ ಹೊಗೆಗೆ ಮುಂದೆ ನಿಂತವರು ಕೆಮ್ಮಿದರು. ಆಮೇಲೆ ಹೊಸ ಮಷಿನ್ನಿನ ಮುಂದಿನ ಹಿಡಿಕೆಯ ಎದುರಿಗೆ ನಿಂತಿದ್ದ ಒಂದು ಪಟ್ಟಿಯನ್ನು ಬೆರಳಿನಿಂದ ತಟ್ಟಿದ. ಅದು ಬ್ರೇಕ್ ಪಟ್ಟಿ. ಗರಗಸದ ಮೂತಿ ಏನಕ್ಕಾದರೂ ತಾಗಿ ಮಷಿನ್ ಮೇಲಕ್ಕೆ ಎಗರಿದರೆ, ಆ ಪಟ್ಟಿ ಮುಂಗೈಗೆ ಬಡಿದು ಸರಪಳಿ ಅಲ್ಲೇ ನಿಲ್ಲುತ್ತದೆ.

"ಈ ಮುದುಕಪ್ಪಗ ಇದು ಎಲ್ಲೈತಿ?" ಅಂತ ನಮ್ಮ ಮಷಿನ್ನಿನ ಬೋಳು ಹಿಡಿಕೆ ಸವರಿದ. ಆಮೇಲೆ ನಮ್ಮಣ್ಣನ ಭುಜ ಹಿಡಿದು ಜನರ ಕಡೆ ತಿರುಗಿಸಿ ನಿಲ್ಲಿಸಿದ. "ಇವರ ಮಾರಿ ನೋಡ್ರಿ. ಹಳೇ ಮಷಿನ್ ಏನ್ ಮಾಡ್ತೈತಿ ಅನ್ನಾಕ ಬ್ಯಾರೆ ಸಾಕ್ಷಿ ಬೇಕಾ?"

ಅಣ್ಣನ ಎಡಗೆನ್ನೆಯಿಂದ ಹುಬ್ಬಿನವರೆಗೆ ಒಂದು ಗಾಯದ ಗೆರೆ ಇದೆ. ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತದೆ. ಚಹಾ ಕುಡಿದರೆ ತುಟಿಯ ಆ ಪಕ್ಕದಿಂದ ಸೋರುತ್ತದೆ. ಸಂತೆಯ ಜನವೆಲ್ಲ ಅವನನ್ನು ನೋಡಿತು. ಅವನು ಕೈ ಬಿಡಿಸಿಕೊಳ್ಳಲಿಲ್ಲ, ತಲೆ ತಗ್ಗಿಸಲಿಲ್ಲ, ಹಾಗೇ ನಿಂತ. ಹಿಂದಿನಿಂದ ಒಬ್ಬ ಬಂದು ಅಲ್ಲೇ ಹೊಸ ಮಷಿನ್ ಕೊಂಡ.

ಆ ಗಳಿಗೆಯಲ್ಲಿ ಅಂಗಡಿಯವನ ಬಾಯಿ ಮುಚ್ಚಿಸುವ ಒಂದೇ ಒಂದು ಮಾತು ನನ್ನ ಹತ್ತಿರ ಇತ್ತು, ಅದನ್ನು ಆಡುವ ಹಾಗಿರಲಿಲ್ಲ. ನಮ್ಮ ಹಳೇ ಮಷಿನ್ನಿಗೂ ಬ್ರೇಕ್ ಪಟ್ಟಿ ಇತ್ತು. ಅದನ್ನು ಬಿಚ್ಚಿ ಹಾಕಿದವನು ನಾನು. ಜಾಲಿ ಪೊದೆಯೊಳಗೆ ನುಗ್ಗುವಾಗ ಮುಳ್ಳುಕೊಂಬೆಗಳು ಆ ಪಟ್ಟಿಗೆ ಬಡಿದು ಮಾರು ದೂರಕ್ಕೊಮ್ಮೆ ಸರಪಳಿ ನಿಲ್ಲುತ್ತಿತ್ತು. ಕೆಲಸ ಸಾಗುತ್ತಿರಲಿಲ್ಲ. ಒಂದು ದಿನ ರೇಗಿ, ಎರಡು ಸ್ಕ್ರೂ ತೆಗೆದು, ಅವುಗಳ ಜೊತೆ ಪಟ್ಟಿಯನ್ನೂ ಮನೆಯ ಮೊಳೆ ಡಬ್ಬಿಗೆ ಎಸೆದೆ. ಅಣ್ಣನಿಗೆ ಸವೆದು ಬಿದ್ದುಹೋಯಿತು ಅಂದೆ. ಅದಾದ ವಾರದಲ್ಲೇ ಕೊಟ್ಟೂರಿನ ಹತ್ತಿರ ಹುಣಸೆಯ ಕವಲು ಕೊಯ್ಯುವಾಗ ಮೂತಿ ಒಳಗಿನ ಕೊಂಬೆಗೆ ತಾಗಿ ಮಷಿನ್ ಅಣ್ಣನ ಮುಖಕ್ಕೆ ಎಗರಿತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಅಣ್ಣನಿಗೆ ಗೊತ್ತಾಗಬಾರದು ಅನ್ನುವುದೊಂದೇ ನನ್ನ ಚಿಂತೆಯಾಗಿತ್ತು. ಹಾಗಾಗಿ ಸಂತೆಯಲ್ಲಿ ಹಲ್ಲು ಕಚ್ಚಿಕೊಂಡು ಮಷಿನ್ ಎತ್ತಿಕೊಂಡು ಬಂದೆ. ಬರುವಾಗಲೇ ನಿರ್ಧರಿಸಿದ್ದೆ, ಇವನನ್ನು ಸುಮ್ಮನೆ ಬಿಡುವುದಿಲ್ಲ. ನಾಲ್ಕು ಮಂದಿಯ ಮುಂದೆ ಅಣ್ಣನ ಮುಖ ತೋರಿಸಿದವನ ಮುಖವನ್ನು ನಾಲ್ಕು ಮಂದಿ ನೋಡಬೇಕು.

ಮೊದಲು ಹೊಸ ಮಷಿನ್ನಿನ ಹುಳುಕು ಹುಡುಕಲು ಹೊರಟೆ. ಇದ್ದಿಲು ಸುಡುವವರೊಬ್ಬರ ಹತ್ತಿರ ಕೆಟ್ಟು ನಿಂತಿದ್ದ ಕಿತ್ತಳೆ ಮಷಿನ್ ಎರವಲು ತಂದು ಹರಪನಹಳ್ಳಿಯ ಮಿಸ್ತ್ರಿಯ ಮುಂದಿಟ್ಟೆ. ಎಪ್ಪತ್ತು ದಾಟಿದ ಮನುಷ್ಯ. ನಾವು ಚಾಚಾ ಅನ್ನುತ್ತೇವೆ. ಅವರು ಬೈಯಲಿ ಅಂತ ಕಾದು ಕೂತೆ. ಚಾಚಾ ಕನ್ನಡಕ ಏರಿಸಿ, ಬಿಚ್ಚಿ, ಊದಿ, ನೋಡಿದರು.

"ಮಾಲು ಚಲೋ ಐತಲ್ಲೋ," ಅಂದರು. "ಮೈ ಪ್ಲಾಸ್ಟಿಕ್ ಖರೇ, ಬಿದ್ರ ಒಡೀತೈತಿ. ಆದ್ರ ಬ್ರೇಕ್ ನೋಡು, ಕಣ್ಣು ಮುಚ್ಚೂದ್ರಾಗ ಹಿಡೀತೈತಿ. ಇಂಥದ್ದು ಇದ್ದಿದ್ರ ನಿಮ್ಮಣ್ಣನ ಮಾರಿ ಉಳೀತಿತ್ತು."

ನನಗೆ ಬೇಕಾದದ್ದು ಅದಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ಚಾಚಾ ಬೇಸತ್ತು ಒಂದು ಮಾತು ಹೇಳಿದರು. ಹಳೆಯದರಲ್ಲಿ ಗಾಳಿ ಸೋಸಲು ತಂತಿಯ ಜಾಳಿಗೆ ಇರುತ್ತದೆ. ದೂಳು ಕೂತರೆ ಕಲ್ಲಿಗೆ ಬಡಿದು ಪೆಟ್ರೋಲಿನಲ್ಲಿ ಅದ್ದಿದರೆ ಆಯಿತು. ಹೊಸದರಲ್ಲಿರುವುದು ಕಂಬಳಿಯಂಥ ಒತ್ತಾದ ಬಟ್ಟೆ, ಅದಕ್ಕೆ ಒದ್ದೆ ಪುಡಿ ಮೆತ್ತಿದರೆ ಮಷಿನ್ನಿಗೆ ಉಸಿರು ಕಟ್ಟುತ್ತದೆ. ನಾನು ಆ ಮಾತನ್ನು ಗಂಟು ಹಾಕಿಕೊಂಡು ಬಂದೆ.

ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಒಂದು ಪದ್ಧತಿ. ಮಷಿನ್ನಿನ ಮೈಗೆ ಮಾತ್ರವಲ್ಲ, ಮುಚ್ಚಳ ತೆಗೆದು ಅದು ಉಸಿರಾಡುವ ಜಾಗಕ್ಕೂ ವಿಭೂತಿ ಹಚ್ಚುತ್ತೇವೆ. ಮನುಷ್ಯರಿಗೆ ಹಣೆ ಇದ್ದ ಹಾಗೆ ಮಷಿನ್ನಿಗೆ ಅದು ಅಂತ ಅಣ್ಣ ಶುರು ಮಾಡಿದ್ದು. ತಂತಿ ಜಾಳಿಗೆಗೆ ಅದರಿಂದ ಯಾವತ್ತೂ ಏನೂ ಆಗಿರಲಿಲ್ಲ.

ಆ ವರ್ಷ ಹಬ್ಬದ ಹೊತ್ತಿಗೆ ಹಿರೇಹಡಗಲಿಯ ಹತ್ತಿರ ಜಾಲಿ ಕೊಯ್ಯುವ ದೊಡ್ಡ ಕೆಲಸ ನಡೆದಿತ್ತು. ಕೊಟ್ಟೂರು, ಹಡಗಲಿ, ಹರಪನಹಳ್ಳಿಯಿಂದ ತಂಡಗಳು ಬಂದಿದ್ದವು. ಎಲ್ಲರ ಕೈಯಲ್ಲೂ ಕಿತ್ತಳೆ ಬಣ್ಣದ ಮಷಿನ್ನುಗಳು, ಎಲ್ಲವೂ ಅದೇ ಅಂಗಡಿಯವು. ಪೂಜೆ ಹೇಗೆ ಮಾಡಬೇಕು ಅಂತ ಅವರು ಕೇಳಿದ್ದು ನನ್ನನ್ನೇ, ಹಳಬ ಅಂತ.

"ಮುಚ್ಚಳ ತಗದು ಒಳಗ ಹಚ್ರಿ," ಅಂದೆ. "ನೀರಾಗ ಕಲಸಿ ದಪ್ಪಗ ಹಚ್ರಿ. ಉಸಿರಾಡೋ ಜಾಗಾ ಅದು."

ಹೇಳುವಾಗ ನನ್ನ ನಾಲಿಗೆ ತೊದಲಲಿಲ್ಲ. ಅವರು ಭಕ್ತಿಯಿಂದ ಕೇಳಿದರು. ನಾನೇ ಒಂದೆರಡಕ್ಕೆ ಮೂರು ಬೆರಳು ಎಳೆದು ತೋರಿಸಿಕೊಟ್ಟೆ. ಪಾಪದ ಜನ, ಅವರು ನನಗೆ ಏನೂ ಮಾಡಿದವರಲ್ಲ. ಆಗ ಅದು ಮನಸ್ಸಿಗೆ ಬರಲೇ ಇಲ್ಲ. ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಮನೆಗೆ ಬಂದೆ.

ಬನ್ನಿ ಹಬ್ಬದ ಮರುದಿನ ಒಂದು ಮಷಿನ್ನೂ ಎದ್ದೇಳಲಿಲ್ಲ. ಎಲ್ಲರೂ ಹೊತ್ತುಕೊಂಡು ಹಗರಿಬೊಮ್ಮನಹಳ್ಳಿಗೆ ಹೋಗಿದ್ದಾರೆ ಅಂತ ಸುದ್ದಿ ಬಂತು. ನಾನು ಹಳೇ ಮಷಿನ್ನನ್ನು ಹೆಗಲಿಗೇರಿಸಿದೆ. ಅಣ್ಣ ತಾನೂ ಬರುತ್ತೇನೆ ಅಂದ.

"ನೀ ಯಾಕ? ಮನ್ಯಾಗ ಇರು," ಅಂದೆ.

"ಬನ್ನಿ ಕೊಟ್ಟು ಬರ್ತೀನಿ," ಅಂದ. ಜಗಳ ಆಡಿದವರಿಗೂ ಬನ್ನಿ ಕೊಟ್ಟು ಮುನಿಸು ಮರೆಯುವುದು ನಮ್ಮ ಕಡೆಯ ರೂಢಿ. ಅವನು ಬನ್ನಿ ಎಲೆಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡ. ಆ ಗಂಟು ಎಲೆಗಿಂತ ಭಾರವಾಗಿ ಕಂಡರೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಅಂಗಡಿಯ ಮುಂದೆ ನಾನು ಕನಸು ಕಂಡಂತೆಯೇ ಇತ್ತು. ಕಟ್ಟೆಯ ತುಂಬ ಸತ್ತು ಬಿದ್ದ ಕಿತ್ತಳೆ ಮಷಿನ್ನುಗಳು. ಸುತ್ತ ಕೂಗಾಡುವ ಜನ. ಅಂಗಡಿಯವನು ಬೆವರು ಒರೆಸಿಕೊಳ್ಳುತ್ತ ಒಂದೊಂದೇ ಮುಚ್ಚಳ ಬಿಚ್ಚುತ್ತಿದ್ದ. ಒಳಗೆ ಗೋಡೆಗೆ ಬಳಿದ ಸುಣ್ಣದ ಹಾಗೆ ವಿಭೂತಿ ಗಟ್ಟಿಯಾಗಿತ್ತು.

"ಇದನ್ನ ಒಳಗ ಹಚ್ಚಾಕ ಯಾರು ಹೇಳಿದ್ರು ನಿಮಗ?" ಅಂದ.

ಎಲ್ಲರೂ ನನ್ನ ಕಡೆ ತಿರುಗಿದರು.

"ನಾನಽ ಹೇಳೀನಿ," ಅಂದೆ. "ನಮ್ಮ ಮುದುಕಪ್ಪಗೂ ಹಚ್ಚೀವಿ, ನೋಡ್ರಿ." ಮುಚ್ಚಳ ತೆಗೆದು ತೋರಿಸಿದೆ. ಮುಚ್ಚಿ, ಕಾಲಲ್ಲಿ ಒತ್ತಿ ಹಿಡಿದು ಹಗ್ಗ ಎಳೆದೆ. ಎರಡನೇ ಎಳೆತಕ್ಕೇ ಗುಡುಗಿತು. ಅಂಗಡಿಯ ತುಂಬ ಹೊಗೆ ಬಿಟ್ಟು, ಆಮೇಲೆ ಆರಿಸಿ, ಸಂತೆಯಲ್ಲಿ ಅವನು ಆಡಿದ ಮಾತನ್ನು ಅವನದೇ ದನಿಯಲ್ಲಿ ಹೇಳಿದೆ. "ಹೊಸ ಮಷಿನ್ ಏನ್ ಮಾಡ್ತೈತಿ ಅನ್ನಾಕ ಬ್ಯಾರೆ ಸಾಕ್ಷಿ ಬೇಕಾ?"

ಜನ ನಕ್ಕರು. ಅವನ ಮುಖ ಕೆಂಪಗಾಯಿತು. ಆ ನಗು ನನ್ನ ಹೊಟ್ಟೆಗೆ ತಣ್ಣನೆಯ ಮಜ್ಜಿಗೆ ಇಳಿದಂತೆ ಇಳಿಯಿತು. ಸುಳ್ಳು ಯಾಕೆ ಹೇಳಲಿ, ಅಂಥ ಸುಖ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಆಗ ಅಣ್ಣ ಮುಂದೆ ಬಂದ. ಟವೆಲ್ ಬಿಚ್ಚಿ ಅಂಗಡಿಯವನ ಕೈಗೆ ಬನ್ನಿ ಕೊಟ್ಟ. "ಬಂಗಾರ ತಗೊಂಡು ಬಂಗಾರದಂಗ ಇರ್ರಿ," ಅಂದ. ಎಲೆಗಳ ಕೆಳಗೆ ತುಕ್ಕು ಹಿಡಿದ ಒಂದು ಪಟ್ಟಿ ಇತ್ತು. ಜೊತೆಗೆ ಕಾಗದದಲ್ಲಿ ಸುತ್ತಿದ ಎರಡು ಸ್ಕ್ರೂ.

"ಇದನ್ನಿಷ್ಟು ಕೂಡಿಸಿ ಕೊಡ್ರಿ," ಅಂದ. "ನಮ್ಮ ಮಷಿನ್ನಿಂದು."

ಅಂಗಡಿಯವನು ಪಟ್ಟಿಯನ್ನು ತಿರುಗಿಸಿ ನೋಡಿದ. ಅದು ಮುರಿದಿರಲಿಲ್ಲ, ಸವೆದಿರಲಿಲ್ಲ. ಸ್ಕ್ರೂಗಳ ಎಳೆಯೂ ಕೆಡದೆ ಹಾಗೇ ಇತ್ತು. ಬಿದ್ದುಹೋದದ್ದಲ್ಲ, ಬಿಚ್ಚಿದ್ದು ಅಂತ ಆ ಕಸುಬಿನವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಅಣ್ಣನ ಮುಖ ನೋಡಿದ. ಆಮೇಲೆ ನನ್ನನ್ನು ನೋಡಿದ. ಈಗ ಅವನ ಸರದಿ ಅಂದುಕೊಂಡೆ.

"ಏನ್ರಿ ಅದು?" ಅಂತ ಗುಂಪಿನಲ್ಲಿ ಒಬ್ಬ ಕೇಳಿದ.

"ಹಳೇ ಪಟ್ಟಿ," ಅಂದ ಅಂಗಡಿಯವನು. "ಸವದು ಬಿದ್ದಿತ್ತಂತ."

ಅಣ್ಣನಿಗೆ ನಾನು ಹೇಳಿದ್ದ ಸುಳ್ಳನ್ನೇ, ಗೊತ್ತಿಲ್ಲದೆ, ಅವನು ನನ್ನ ಸಲುವಾಗಿ ಹೇಳಿದ. ಕೂತು, ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಪಟ್ಟಿ ಕೂಡಿಸಿದ. ಬೆರಳಿನಿಂದ ಮುಂದಕ್ಕೆ ತಳ್ಳಿದಾಗ ಟಕ್ ಅಂತ ಹಿಡಿಯಿತು. ಅವತ್ತು ಅವನು ನಾಲ್ಕು ಮಂದಿಯ ಮುಂದೆ ನನ್ನ ಮಾನ ಕಳೆದಿದ್ದರೆ ನಾನು ಅವನನ್ನು ಎಂದೋ ಕ್ಷಮಿಸಿಬಿಡುತ್ತಿದ್ದೆ. ಕಳೆಯಲಿಲ್ಲ. ಅದಕ್ಕೇ ಇವತ್ತಿಗೂ ಅವನನ್ನು ಕಂಡರೆ ಆಗುವುದಿಲ್ಲ.

ಬಸ್ಸಿನಲ್ಲಿ ಮಷಿನ್ ನನ್ನ ತೊಡೆಯ ಮೇಲಿತ್ತು. ಅಣ್ಣ ಕಿಟಕಿಯ ಕಡೆ ಕೂತಿದ್ದ, ಅವನ ಕೆನ್ನೆಯ ಗೆರೆ ನನ್ನ ಕಡೆಗಿತ್ತು.

"ಯಾವಾಗ ಸಿಕ್ತು ನಿನಗ?" ಅಂತ ಕೇಳಿದೆ.

"ದವಾಖಾನಿಯಿಂದ ಬಂದ ವಾರಕ್ಕ. ಮೊಳಿ ಹುಡುಕಾಕ ಡಬ್ಬಿ ತಗದೆ."

ಆರು ವರ್ಷವಾಗಿತ್ತು. ಸಂತೆಯಲ್ಲಿ ಜನ ಅವನ ಮುಖ ನೋಡುವಾಗಲೂ ಅವನಿಗೆ ಗೊತ್ತಿತ್ತು. ಅಲ್ಲಿಂದ ಬರುವಾಗ ದಾರಿಯುದ್ದಕ್ಕೂ ನಾನು ಅಂಗಡಿಯವನನ್ನು ಬೈಯುತ್ತಿದ್ದೆ, ಅವನು ಹೂಂಗುಟ್ಟುತ್ತಿದ್ದ.

"ಮತ್ಯಾಕ ಕೇಳ್ಲಿಲ್ಲ ನೀನು?"

"ನೀನಽ ಹೇಳ್ತಿ ಅಂತ ಕಾದೆ, ತಮ್ಮ," ಅಂದ.

ನಾನು ಆಗ ಹೇಳಿದೆ. ಜಾಲಿ ಮುಳ್ಳಿನಿಂದ ಹಿಡಿದು ಎರಡು ಸ್ಕ್ರೂವರೆಗೆ ಎಲ್ಲ ಹೇಳಿದೆ. ಬಸ್ಸಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಕೂಡ್ಲಿಗಿಯಲ್ಲಿ ಇಳಿದ ಮೇಲೆ ಇನ್ನೊಮ್ಮೆ ಹೇಳಿದೆ.