ಮನೆಯಲ್ಲೇ ಇದ್ದು ಕೆಲಸಕ್ಕೆ ಹೋದ ಅಪ್ಪ

ತರಕಾರಿಗೆ ಒಂದು ಗಟ್ಟಿ ಚೀಲ ಹೊಲಿಸಿಕೊಳ್ಳೋಣವೆಂದು ಮೊನ್ನೆ ಬಂಗಾರಪೇಟೆಯ ಬಟ್ಟೆಯಂಗಡಿಗೆ ಹೋಗಿದ್ದೆ. ಅಂಗಡಿಯವನು ಖಾಕಿಯ ಥಾನನ್ನು ಎಳೆದು ಹಲಗೆಯ ಮೇಲೆ ಫಟ್ಟೆಂದು ಒದರಿದ. ಆ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎಷ್ಟು ಬಟ್ಟೆ ಬೇಕು ಎಂಬುದೇ ಮರೆತು ನಿಂತುಬಿಟ್ಟೆ. ಅವನು ಎರಡು ಸಲ ಕೇಳಿದ, ಮೂರನೆಯ ಸಲ ಸ್ವಲ್ಪ ಜೋರಾಗಿ ಕೇಳಿದ. ನನ್ನ ವಯಸ್ಸಿನವರು ಹೀಗೆ ನಿಂತರೆ ಕಿವಿ ಕೇಳಿಸುವುದಿಲ್ಲ ಎಂದುಕೊಳ್ಳುವುದು ಸಹಜವೇ.

ಖಾಕಿ ಎಂದರೆ ಬೇರೆಯವರಿಗೆ ಪೊಲೀಸರು ನೆನಪಾಗುತ್ತಾರೋ ಏನೋ, ನನಗೆ ಅಪ್ಪ ನೆನಪಾಗುತ್ತಾನೆ. ಐವತ್ತರ ದಶಕದಲ್ಲಿ ನಾವು ಆಂಡರ್ಸನ್‌ಪೇಟೆಯ ಒಂದು ಓಣಿಯಲ್ಲಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ಜಗಲಿ. ಆ ಜಗಲಿಯ ಮೇಲೆ ಅಪ್ಪನ ಹೊಲಿಗೆ ಮಿಷಿನ್ನು. ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿಯುವವರಿಗೆ ಅವನು ನಿಕ್ಕರು, ಅಂಗಿ ಹೊಲಿಯುತ್ತಿದ್ದ. ಅಮ್ಮ ಮಾತ್ರ ಬೆಳಿಗ್ಗೆ ಸೈರನ್ ಕೂಗುವ ಹೊತ್ತಿಗೆ ಸೆರಗು ಬಿಗಿದು ಕೆಲಸಕ್ಕೆ ಹೊರಟುಬಿಡುತ್ತಿದ್ದಳು. ಗಣಿಯ ಮೇಲ್ಗಡೆ ಕಲ್ಲು ಆರಿಸುವ, ಬುಟ್ಟಿ ಹೊರುವ ಹೆಂಗಸರ ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳಲು ಒಂದು ಶೆಡ್ಡಿತ್ತು. ಅಲ್ಲಿ ಅಮ್ಮ ಆಯಾ. ಊರ ಮಕ್ಕಳಿಗೆಲ್ಲ ಅಮ್ಮ ತೊಟ್ಟಿಲು ತೂಗುತ್ತಿದ್ದರೆ, ಅವಳ ಸ್ವಂತ ಮಗ, ಅಂದರೆ ಇನ್ನೂ ವರ್ಷ ತುಂಬದ ನನ್ನ ತಮ್ಮ ಕಿಟ್ಟಿ, ಅಪ್ಪನ ಮಿಷಿನ್ನಿನ ಪಕ್ಕದ ಜೋಳಿಗೆಯಲ್ಲಿ ಮಲಗಿರುತ್ತಿದ್ದ. ಅಪ್ಪನ ಒಂದು ಕಾಲು ಮಿಷಿನ್ ತುಳಿಯುತ್ತಿತ್ತು; ಇನ್ನೊಂದು ಕಾಲಿನ ಹೆಬ್ಬೆರಳಿಗೆ ಜೋಳಿಗೆಯ ಹಗ್ಗ.

ನಮ್ಮನೆಯಲ್ಲಿ ಸಂಜೆಯ ಊಟಕ್ಕೆ ಸಾರು ಇಲ್ಲದಿದ್ದರೂ ನಡೆಯುತ್ತಿತ್ತು, ಒಂದು ವಾದ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಯಾರ ಕೆಲಸ ಕಷ್ಟ, ಮನೆಯೊಳಗಿನದೋ ಆಚೆಯದೋ ಎಂಬ ವಾದ.

"ನಿಂಗೇನಮ್ಮಾ, ರಾಣಿ. ಸೈರನ್ ಕೂಗ್ತು, ಕೈ ತೊಳ್ಕೊಂಡು ಎದ್ ಬಂದೆ. ನಂಗೆ ಯಾವ್ ಸೈರನ್ ಕೂಗ್ತದೆ ಯೋಳು?" ಎಂದು ಅಪ್ಪ ಶುರುಮಾಡುತ್ತಿದ್ದ.

"ನಿಮ್ಗೇನು, ಬಾಯಾರಿದ್ರೆ ಕಾಪಿ ಕಾಸ್ಕೊಂತೀರಾ, ಕಾಲು ನೋಯ್ತು ಅಂದ್ರೆ ಚಾಚ್ಕೊಂತೀರಾ. ನಾನು ಒಂದ್ ಕೂಸ್ನ ಮಲಗ್ಸಿ ಬೆನ್ನು ನೆಟ್ಟಗೆ ಮಾಡೋದ್ರಾಗೆ ಇನ್ನೊಂದು ಎದ್ದಿರ್ತದೆ," ಎಂದು ಅಮ್ಮ.

"ಕಾಲು ಚಾಚ್ಕೊಂಡ್ರೆ ಮಿಷಿನ್ ತುಳ್ಯೋದು ಯಾರು, ನಿಮ್ಮಪ್ಪನಾ?"

ಇಷ್ಟಾಗುವ ಹೊತ್ತಿಗೆ ಇಬ್ಬರಿಗೂ ನಗು ಬಂದಿರುತ್ತಿತ್ತು. ತೀರ್ಪು ಹೇಳಬೇಕಾದವಳು ನಾನು. ಆಗ ನನಗೆ ಹತ್ತೋ ಹನ್ನೊಂದೋ. ಅವತ್ತು ಮುದ್ದೆ ಬಡಿಸುತ್ತಿದ್ದವರು ಯಾರೋ ಅವರ ಪರವಾಗಿ ನನ್ನ ತೀರ್ಪು ಬರುತ್ತಿತ್ತು. ಮುಂದೆ ಕಚೇರಿಯಲ್ಲಿ ದೊಡ್ಡ ದೊಡ್ಡ ಸಾಹೇಬರೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ತೀರ್ಮಾನ ಕೊಡುವುದನ್ನು ಕಂಡ ಮೇಲೆ ನನ್ನ ನ್ಯಾಯದ ಬಗ್ಗೆ ಗೌರವ ಹೆಚ್ಚಾಯಿತು.

ಆದರೆ ಅಪ್ಪನಿಗೆ ಒಂದು ಕಷ್ಟವಿತ್ತು, ಅದು ವಾದದಲ್ಲಿ ಸರಿಯಾಗಿ ಬರುತ್ತಲೇ ಇರಲಿಲ್ಲ. ಅವನು ಮನೆಯಲ್ಲಿರುತ್ತಾನೆ ಎಂಬ ಸುದ್ದಿ ಓಣಿಗೆಲ್ಲ ಗೊತ್ತಿತ್ತು. ನಮ್ಮ ಓಣಿಯಲ್ಲಿ ಮೂರು ಭಾಷೆ; ಮೂರರಲ್ಲೂ ಒಂದೇ ಮಾತು. ಎಡಮನೆಯ ಸೆಲ್ವಿಯಕ್ಕ ಬೀಗದಕೈ ತಂದು "ವೀಟ್ಲತಾನೇ ಇರುಕ್ಕೀಂಗ, ಅಣ್ಣಾ" ಎಂದು ಮಿಷಿನ್ನಿನ ಮೇಲಿಟ್ಟು ಹೋಗುತ್ತಿದ್ದಳು. ಹಿಂದಿನ ಮನೆಯ ಅಜ್ಜಿ ರಾಗಿ ಒಣಹಾಕಿ "ಇಂಟ್ಲೋನೇ ಉಂಟಾವು ಕದಪ್ಪಾ" ಎಂದು ಕಾಗೆ ಓಡಿಸುವ ಕೋಲನ್ನು ಅಪ್ಪನ ಕೈಗೇ ಕೊಡುತ್ತಿದ್ದಳು. ಕನ್ನಡದಲ್ಲಿ ಅಮ್ಮನೇ ಹೇಳುತ್ತಿದ್ದಳು: "ಎಂಗೂ ಮನೇಲೇ ಇರ್ತೀರಲ್ಲ, ಒಂಚೂರು ಅಕ್ಕಿ ಆರ್ಸಿಡಿ." ನೀರು ಬಂದರೆ ಹಿಡಿಯುವುದು, ಹಾಲಿನವನು ಬಂದರೆ ಪಾತ್ರೆ ಒಡ್ಡುವುದು, ನೆಂಟರು ಬಂದರೆ ಕೂರಿಸಿ ಮಾತನಾಡಿಸುವುದು, ಎಲ್ಲ ಅವನದೇ. ಪಾಪ, ಯಾರಿಗೂ ಆಗುವುದಿಲ್ಲ ಎಂದವನಲ್ಲ. ಮಿಷಿನ್ನಿನ ಮುಂದೆ ಕೂತ ಮನುಷ್ಯ ಸುಮ್ಮನೆ ಕೂತಿದ್ದಾನೆ ಎಂದೇ ಎಲ್ಲರೂ ತಿಳಿದಿದ್ದರು.

ಒಂದು ವರ್ಷ ಆಯುಧಪೂಜೆಯ ಮುಂಚೆ ಮೇಸ್ತ್ರಿ ಮುನಿವೆಂಕಟಪ್ಪ ತನ್ನ ಗ್ಯಾಂಗಿನವರಿಗೆಲ್ಲ ಹೊಸ ನಿಕ್ಕರು ಹೊಲಿಯಲು ಕೊಟ್ಟಿದ್ದ. ಅಪ್ಪನ ಕೆಲಸದಲ್ಲಿ ಮುಕ್ಕಾಲು ಪಾಲು ಈ ಮೇಸ್ತ್ರಿ ತರುತ್ತಿದ್ದದ್ದೇ. ಕೆಳಗಿಳಿಯುವವರ ನಿಕ್ಕರಿಗೆ ಒಂದು ಕಟ್ಟುನಿಟ್ಟಿತ್ತು: ಜೇಬು ಇರಬಾರದು. ಮೇಲೆ ಬಂದಾಗ ಗೇಟಿನಲ್ಲಿ ಎಲ್ಲರನ್ನೂ ತಡವಿ ನೋಡಿ ಬಿಡುತ್ತಿದ್ದರು. ಜೇಬಿದ್ದರೆ ಅದರೊಳಗೆ ಕೈ ಹಾಕಬೇಕು, ಅನುಮಾನ ಪಡಬೇಕು, ಹಿಂದಿನವರು ಕಾಯಬೇಕು. ದಣಿದು ಬಂದವರಿಗೆ ಅದೆಲ್ಲ ಯಾಕೆ ಎಂದು ಅವರೇ ಜೇಬು ಬಿಟ್ಟಿದ್ದರು. ಬೇರೆ ಊರಿನ ದರ್ಜಿ ಜೇಬು ಮರೆತರೆ ತಪ್ಪು, ನಮ್ಮೂರಿನಲ್ಲಿ ಜೇಬು ಇಟ್ಟರೆ ತಪ್ಪು.

ಅದೇ ವಾರ ಸ್ಕೂಲ್ ಹುಡುಗರ ಖಾಕಿ ಚಡ್ಡಿಗಳೂ ಮಿಷಿನ್ನಿನ ಮೇಲಿದ್ದವು. ಅವಕ್ಕೆ ಜೇಬು ಬೇಕು. ಗೋಲಿ ಎಲ್ಲಿಡುತ್ತಾರೆ ಪಾಪ. ಕಿಟ್ಟಿಗೆ ಹಲ್ಲು ಬರುವ ಕಾಲ, ಮೈ ಬಿಸಿ, ಜೋಳಿಗೆಗೆ ಹಾಕಿದರೆ ಕಿರುಚು. ಅಪ್ಪ ಅವನನ್ನು ಹೆಗಲ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಬೆನ್ನು ತಟ್ಟುತ್ತ, ಇನ್ನೊಂದು ಕೈಯಲ್ಲಿ ಬಟ್ಟೆ ನೂಕುತ್ತ, ನಡುನಡುವೆ ಕಾಗೆ ಓಡಿಸುತ್ತ ಹೊಲಿದ. ಮೇಸ್ತ್ರಿಯ ನಿಕ್ಕರುಗಳಿಗೆಲ್ಲ ಜೇಬು ಹೊಲಿದುಬಿಟ್ಟ. ಅದೂ ಎಂಥ ಜೇಬು! ಎರಡೆರಡು ಸಾಲು ಹೊಲಿಗೆ ಹಾಕಿದ ಭದ್ರವಾದ ಜೇಬು.

ಮೇಸ್ತ್ರಿ ಬಂದು ಒಂದು ನಿಕ್ಕರು ಎತ್ತಿ ಹಿಡಿದ. ಅದರೊಳಗೆ ಮೆಲ್ಲಗೆ ಕೈ ಇಳಿಸಿದ. ಆಳವಾಗಿತ್ತು, ಮಣಿಕಟ್ಟಿನವರೆಗೂ ಹೋಯಿತು.

"ಇದೇನ್ಲಾ ಟೈಲರ್ರು, ಚಿನ್ನ ತುಂಬ್ಕೊಂಡು ಬರಾಕೆ ಚೀಲ ಒಲ್ದಿದೀಯಾ?"

ಅಪ್ಪನ ಮುಖ ಬಿಳಿಚಿಕೊಂಡಿತು. ಮೇಸ್ತ್ರಿ ಮೊದಲು ನಕ್ಕ, ಆಮೇಲೆ ಅವನಿಗೇ ಸಿಟ್ಟು ಬಂತು. "ಅಬ್ಬಕ್ಕೆ ಈ ಹುಡುಗ್ರಿಗೆ ಏನ್ ಕೊಡ್ಲಿ ನಾನು? ಅಂಗಡಿ ಅಂದ್ರೆ ಅಂಗಡಿ ಇರ್ಬೇಕು, ಮನೆ ಅಂದ್ರೆ ಮನೆ ಇರ್ಬೇಕು. ಮುಂದ್ಕೆ ರಾಬರ್ಟ್‌ಸನ್‌ಪೇಟೆ ಅಂಗಡಿಗೇ ಕೊಡ್ತೀನಿ, ಬುಡು," ಎಂದು ನಿಕ್ಕರುಗಳನ್ನು ಅಲ್ಲೇ ಎಸೆದು ಹೋದ.

ಅವತ್ತು ಸಂಜೆ ವಾದ ನಡೆಯಲಿಲ್ಲ. ಅಪ್ಪ ತಟ್ಟೆ ನೋಡಿಕೊಂಡು ಉಂಡ. ಅಮ್ಮ ಕಿಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು, "ನಾಳೆ ಓಗಿ ಕೆಲ್ಸ ಬುಟ್ ಬತ್ತೀನಿ," ಎಂದಳು. ಜಗಳವಾಡಿದ್ದರೆ ನಾನು ಹೆದರುತ್ತಿರಲಿಲ್ಲ, ಅಷ್ಟು ಮೆತ್ತಗೆ ಹೇಳಿದ್ದಕ್ಕೆ ಹೆದರಿದೆ. ಅಮ್ಮನಿಗೆ ಆ ಶೆಡ್ಡೆಂದರೆ ಜೀವ. ಯಾವ ಕೂಸು ಅಂಗಾತ ಮಲಗುತ್ತದೆ, ಯಾವುದು ಬೋರಲು ಮಲಗುತ್ತದೆ, ಯಾವುದಕ್ಕೆ ತಮಿಳಿನ ಜೋಗುಳವೇ ಆಗಬೇಕು, ಎಲ್ಲ ಅವಳಿಗೆ ಗೊತ್ತು. ಮನೆಗೆ ಬಂದ ಮೇಲೂ ಅದೇ ಮಾತು.

"ಬ್ಯಾಡ," ಎಂದ ಅಪ್ಪ.

"ಮತ್ತೆ ಕಿಟ್ಟಿ?"

"ನೀನೇ ಕರ್ಕೊಂಡೋಗು ಅಲ್ಲಿಗೆ."

"ಅದು ಮಾತ್ರ ಆಗಾಕಿಲ್ಲ. ನನ್ ಮಗ ಅಲ್ಲಿದ್ರೆ ಬ್ಯಾರೇರ ಮಗು ಅತ್ತಿದ್ದು ನನ್ ಕಿವಿಗೆ ಬೀಳಾಕಿಲ್ಲ. ಆ ತಾಯಂದ್ರು ನನ್ ನಂಬಿ ಬುಟ್ಟೋಗ್ತಾರೆ." ಆಯಾಗಳು ಸ್ವಂತ ಕೂಸನ್ನು ತರಬಾರದೆಂದು ಯಾರೂ ಹೇಳಿರಲಿಲ್ಲ. ಅಮ್ಮ ತನಗೆ ತಾನೇ ಹಾಕಿಕೊಂಡಿದ್ದ ಕಟ್ಟು ಅದು.

ಮರುದಿನ ಅವಳು ಶೆಡ್ಡಿನಲ್ಲಿ ಕೆಲಸ ಬಿಡುವ ಮಾತು ಹೇಳಿಯೇಬಿಟ್ಟಳು. ಆ ಸುದ್ದಿ ಗಣಿಯ ಮೇಲಿದ್ದ ಹೆಂಗಸರಿಂದ ಗಣಿಯ ಕೆಳಗಿದ್ದ ಗಂಡಸರಿಗೆ ಅದೇ ದಿನ ಇಳಿಯಿತು. ಸಂಜೆ ಜಗಲಿಯ ಮುಂದೆ ಮೇಸ್ತ್ರಿ ಮುನಿವೆಂಕಟಪ್ಪ ಬಂದು ನಿಂತಿದ್ದ. ಜೊತೆಗೆ ಅವನ ಹೆಂಡತಿ ಎಲ್ಲಮ್ಮ, ಅವಳ ಸೊಂಟದ ಮೇಲೆ ಒಂದು ಗುಂಡಗಿನ ಹೆಣ್ಣು ಕೂಸು. ಕೂಸು ಅಮ್ಮನನ್ನು ಕಂಡದ್ದೇ ಎರಡೂ ಕೈ ಚಾಚಿ ಅವಳ ಮೇಲೆ ಹಾರಿಬಿಟ್ಟಿತು.

"ನೋಡ್ದಾ?" ಎಂದು ಎಲ್ಲಮ್ಮ ಗಂಡನ ಕಡೆ ತಿರುಗಿದಳು. "ನೀನು ಆ ಮನ್ಷನ್ನ ಬೈದಿದ್ದು ಎಲ್ಲಿಗ್ ಬಂತು ನೋಡ್ದಾ?"

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ತಂಗೀ, ಈ ನಿಕ್ಕರು ಗಿಕ್ಕರು ಎಲ್ಲಾ ಒಂದ್ ಕಡೆ ಇರ್ಲಿ. ನಾನು ಕೆಳಗೆ ಇಳಿತೀನಿ. ಇವ್ಳು ಮ್ಯಾಲೆ ಕಲ್ಲು ಆರಿಸ್ತಾಳೆ. ಕತ್ಲಾಗೆ ಕೂತಿರೋವಾಗ ಮಗು ಯಾರ್‌ತಾವ ಅದೆ ಅಂತ ಗೊತ್ತಿದ್ರೇನೇ ನನ್ ಕೈ ನೆಟ್ಟಗೆ ನಿಲ್ಲೋದು. ನೀನು ಬುಟ್ರೆ ನಮ್ ಗ್ಯಾಂಗಾಗೆ ಅರ್ಧ ಜನಕ್ಕೆ ಕೈ ನಿಲ್ಲಾಕಿಲ್ಲ." ಆಮೇಲೆ ಅಪ್ಪನ ಕಡೆ ನೋಡಿ, "ಆ ಜೇಬಿನ ಬಾಯಿ ಮುಚ್ಚಿ ಒಲ್ದು ಕೊಟ್ಬುಡು, ಆಕ್ಕೊಂತೀವಿ," ಎಂದ.

"ಬಾಯಿ ಮುಚ್ಚಿದ್ ಜೇಬು ಕಂಡ್ರೆ ಗೇಟ್‌ನಾಗೆ ಬುಡ್ತಾರಾ? ಬ್ಲೇಡ್ ತಂದು ಕುಯ್ಯಿಸ್ತಾರೆ. ನಾನೇ ಬಿಚ್ತೀನಿ, ಅಬ್ಬದೊಳಗೆ ಕೊಡ್ತೀನಿ," ಎಂದ ಅಪ್ಪ.

ಇನ್ನು ಉಳಿದದ್ದು ಕಿಟ್ಟಿಯ ವಿಷಯ, ಅದನ್ನು ಎಲ್ಲಮ್ಮ ಬಗೆಹರಿಸಿದಳು. "ಅವ್ನನ್ನೂ ಕರ್ಕೊಂಡ್ ಬಾಕ್ಕಾ. ನೀನು ನಮ್ ಮಕ್ಳನ್ನ ನೋಡು, ನಿನ್ ಮಗನ್ನ ನೋಡ್ಬ್ಯಾಡ. ಆಲು ಕುಡ್ಸಾಕೆ ಬಂದಾಗ ನಾವು ಒಬ್ರಲ್ಲ ಒಬ್ರು ಎತ್ಕೊಂತೀವಿ. ಇಷ್ಟೊಂದು ಜನ ತಾಯಂದ್ರು ಇದ್ದೀವಿ, ಒಂದ್ ಕೂಸು ಎಚ್ಚಾಯ್ತಾ?" ಅಮ್ಮ ಎಲ್ಲಮ್ಮನ ಕೂಸಿನ ತಲೆಗೆ ಮುಖ ಒತ್ತಿಕೊಂಡಳು. ಅವಳು ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಾರನೆಯ ದಿನ ಅಮ್ಮ ಒಂದು ದಿನದ ರಜೆ ಕೇಳಿ ಪಡೆದು ಜೇಬು ಬಿಚ್ಚಲು ಅಪ್ಪನ ಪಕ್ಕ ಕೂತಳು. ಎರಡು ಸಾಲಿನ ಹೊಲಿಗೆ ಬಿಚ್ಚುವುದು ಹುಡುಗಾಟವಲ್ಲ. ಎರಡು ನಿಕ್ಕರು ಮುಗಿಯುವುದರೊಳಗೆ ಸೆಲ್ವಿಯಕ್ಕ ಬೀಗದಕೈ ತಂದಳು. ಇನ್ನೊಂದು ಮುಗಿಯುವುದರೊಳಗೆ ಕೋಲು ಬಂತು. ನೀರು ಬಂತು, ಹಾಲು ಬಂತು, ಯಾರ ಮನೆಗೋ ಹೋಗಬೇಕಾಗಿದ್ದ ಬೇತಮಂಗಲದ ನೆಂಟರೊಬ್ಬರು ದಾರಿ ಕೇಳಲು ಬಂದು ಕಾಫಿ ಕುಡಿದು ಹೋದರು. ಅಮ್ಮ ಒಂದೊಂದಕ್ಕೂ ತಲೆಯೆತ್ತಿ ಅಪ್ಪನ ಮುಖ ನೋಡುತ್ತಿದ್ದಳು. ಮಧ್ಯಾಹ್ನ ಓಣಿಯ ಇನ್ನೊಬ್ಬಾಕೆ, ತಾನು ಪೇಟೆಗೆ ಹೋಗಿ ಬರುವವರೆಗೆ ಒಲೆಯ ಮೇಲಿನ ಹುರುಳಿ ಸ್ವಲ್ಪ ನೋಡಿಕೊಳ್ಳಲು ಅಣ್ಣನನ್ನು ಕಳಿಸು ಎಂದು ಬಂದಳು.

ಅಮ್ಮ ಎದ್ದು ಜಗಲಿಯ ಅಂಚಿಗೆ ಬಂದು ನಿಂತಳು. "ಅವ್ರಿಲ್ಲ," ಎಂದಳು.

ಆಕೆ ಅಮ್ಮನ ಭುಜದ ಮೇಲಿಂದ ಇಣುಕಿದಳು. ಎರಡು ಮಾರು ದೂರದಲ್ಲಿ ಅಪ್ಪ ಕತ್ತರಿ ಹಿಡಿದು ಕೂತಿದ್ದ.

"ಕೆಲ್ಸಕ್ಕೆ ಓಗವ್ರೆ. ಸಾಯಂಕಾಲ ಸೈರನ್ ಕೂಗಿದ್ ಮ್ಯಾಲೆ ಬತ್ತಾರೆ."

ಆಕೆ ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಈ ಮನೆಯವರಿಗೆ ಏನೋ ಆಗಿದೆ ಎಂದುಕೊಂಡು ಹೊರಟುಹೋದಳು. ಅಪ್ಪ ತಲೆ ತಗ್ಗಿಸಿ ನಿಕ್ಕರಿನಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಹುರುಳಿ ಸೀದ ವಾಸನೆ ಓಣಿಯ ತುಂಬ ಬಂತು, ನಮಗೂ ಪಾಪವೆನಿಸಿತು. ಆದರೆ ಅಮ್ಮ ಜಗ್ಗಲಿಲ್ಲ.

ನಿಕ್ಕರುಗಳು ಹಬ್ಬದೊಳಗೆ ಹೋದವು. ಮಡಿಚಿಡುವಾಗ ನೋಡಿದೆ, ಜೇಬು ತೆಗೆದ ಕಡೆ ಸೂಜಿಯ ಚುಕ್ಕೆಗಳು ಹಾಗೇ ಉಳಿದಿದ್ದವು. ಕಿಟ್ಟಿ ಅಮ್ಮನ ಸೊಂಟವೇರಿ ಶೆಡ್ಡಿಗೆ ಹೋದ. ಅವನಿಲ್ಲದೆ ಅಪ್ಪನಿಗೆ ಒಂದೇ ದಿನಕ್ಕೆ ಮನೆ ಬಿಕೋ ಎಂದಿತು. ಬುತ್ತಿ ಮರೆತು ಹೋಗಿದ್ದಾಳೆ ಎಂಬ ನೆಪ ಮಾಡಿಕೊಂಡು ಶೆಡ್ಡಿನವರೆಗೂ ಹೋಗಿ ಬಂದ. ಬುತ್ತಿಯನ್ನು ಮರೆಸಿದವನು ಅವನೇ ಇರಬೇಕೆಂದು ನನ್ನ ಗುಮಾನಿ. ಅವತ್ತು ಸಂಜೆ ವಾದಕ್ಕೆ ಕೂತವನು, "ನೀನು ಅಲ್ಲಿ ಕೂತ್ಕೊಳ್ಳಾದೇ ಇಲ್ವಲ್ಲೇ," ಎಂದಷ್ಟೇ ಹೇಳಿ ಅಮ್ಮನ ತಟ್ಟೆಗೆ ಸಾರು ಬಿಟ್ಟ.

ಮರುದಿನ ಬೆಳಿಗ್ಗೆ ಸೈರನ್ ಕೂಗಿತು. ಅಮ್ಮ ಕಿಟ್ಟಿಯನ್ನೆತ್ತಿಕೊಂಡು ಮೆಟ್ಟಿಲಿಳಿದವಳು ಎಂದಿನಂತೆ "ಓಗ್ಬತ್ತೀನಿ" ಎಂದಳು. ಆಮೇಲೆ ನಿಂತಳು. ಮಿಷಿನ್ನಿನ ಮುಂದೆ ಆಗತಾನೆ ಕೂತಿದ್ದ ಅಪ್ಪನ ಕಡೆ ತಿರುಗಿ ಹೇಳಿದಳು:

"ನೀವೂ ಓಗ್ಬನ್ನಿ."

ಅಪ್ಪ ಗಂಭೀರವಾಗಿ "ಊಂ, ಬತ್ತೀನಿ" ಎಂದು ಮಿಷಿನ್ ತುಳಿಯತೊಡಗಿದ. ಅವರಿಬ್ಬರೂ ಬದುಕಿದ್ದಷ್ಟು ದಿನ ಅಮ್ಮ ಈ ಮಾತು ಹೇಳದೆ ಮೆಟ್ಟಿಲಿಳಿಯಲಿಲ್ಲ. ಅರವತ್ತರ ದಶಕದಲ್ಲಿ ನಾನೂ ರೈಲು ಹತ್ತಿ ಬಂಗಾರಪೇಟೆಯ ಕಚೇರಿಗೆ ಟೈಪಿಸ್ಟಾಗಿ ಹೋಗತೊಡಗಿದಾಗ ಮನೆಯಿಂದ ಮೂವರು ಕೆಲಸಕ್ಕೆ ಹೊರಡುತ್ತಿದ್ದೆವು, ಇಬ್ಬರು ಮಾತ್ರ ಮೆಟ್ಟಿಲಿಳಿಯುತ್ತಿದ್ದೆವು. ಅಷ್ಟು ಮರ್ಯಾದೆಯಿಂದ ಕೆಲಸಕ್ಕೆ ಕಳಿಸಿಕೊಡುವವರನ್ನು ನನ್ನ ಕಚೇರಿಯ ಜೀವನದಲ್ಲೆಲ್ಲ ನಾನು ಕಾಣಲಿಲ್ಲ.

ಇದನ್ನೆಲ್ಲ ಇವತ್ತು ಬೆಳಿಗ್ಗೆ ಕೂತು ಬರೆಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಎದುರುಮನೆಯ ಹುಡುಗಿ. ಒಳ್ಳೆಯವಳೇ, ಬ್ಯಾಂಕಿನಲ್ಲಿ ಕೆಲಸ, ಅವಸರದಲ್ಲಿದ್ದಳು. "ಆಂಟಿ, ಹೇಗೂ ಮನೇಲೇ ಇರ್ತೀರಲ್ಲ, ಗ್ಯಾಸ್ ಸಿಲಿಂಡರ್ ಬಂದ್ರೆ..." ಎಂದಳು. ಅವಳು ಬಂದಾಗಲೆಲ್ಲ ಹೂಂ ಎಂದು ತಲೆಯಾಡಿಸಿ ರೂಢಿಯಾಗಿದ್ದ ನನ್ನ ತಲೆ ಇವತ್ತು ಯಾಕೋ ಆಡಲಿಲ್ಲ.

"ನಾನಿಲ್ಲಮ್ಮಾ," ಎಂದೆ. "ಕೆಲಸಕ್ಕೆ ಹೋಗಿದ್ದೀನಿ. ಸಾಯಂಕಾಲ ಐದು ಗಂಟೆಗೆ ಬರ್ತೀನಿ."

ಅವಳು ನನ್ನ ಭುಜದ ಮೇಲಿಂದ ಒಳಗೆ ಇಣುಕಿದಳು. ನಾನು ನಗುತ್ತ ಅವಳ ಕೆನ್ನೆ ತಟ್ಟಿ, "ನೀನೂ ಹೋಗಿ ಬಾ," ಎಂದು ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೋದೆ.