ಫ್ಲೈಓವರ್ ಹತ್ತದ ವ್ಯಾನು

ನಮ್ಮ ವ್ಯಾನಿಗೆ ಪಿಕಪ್ ಇಲ್ಲ ಎಂದು ಮೊದಲು ಬಾಯಿಬಿಟ್ಟವಳು ನಾನು. ಹಾಗಾಗಿ ಅಪ್ಪನ ಸಿಟ್ಟೆಲ್ಲ ನನ್ನ ಮೇಲೆಯೇ ಬಂತು.

ಮನೆ ಇರುವುದು ಕಾಂದಿವಲಿಯ ಪಶ್ಚಿಮದಲ್ಲಿ. ಅಪ್ಪನ ಕ್ಯಾಂಟೀನು ಪೂರ್ವದ ಇಂಡಸ್ಟ್ರಿಯಲ್ ಎಸ್ಟೇಟಿನೊಳಗೆ. ನಡುವೆ ರೈಲು ಹಳಿ, ಹಳಿಯ ಮೇಲೊಂದು ಫ್ಲೈಓವರ್. ದಿನಾ ಬೆಳಿಗ್ಗೆ ಇಡ್ಲಿ ಹಿಟ್ಟಿನ ಸ್ಟೀಲ್ ಡ್ರಮ್ಮುಗಳನ್ನೂ ಚಟ್ನಿಯ ಡಬ್ಬಗಳನ್ನೂ ಹೇರಿಕೊಂಡು ಅಪ್ಪ ಆ ಏರು ಹತ್ತತೊಡಗಿದರೆ ಹಿಂದೆ ಬಸ್ಸು, ಬೈಕು, ರಿಕ್ಷಾಗಳ ಮೆರವಣಿಗೆ. ಒಂದು ದಿನ ನಾನು ಪಕ್ಕದಲ್ಲಿ ಕೂತಿದ್ದಾಗ ರಿಕ್ಷಾದವನೊಬ್ಬ ತಲೆ ಹೊರಗೆ ಹಾಕಿ, "ಚಾಚಾ, ಧಕ್ಕಾ ದೂಂ ಕ್ಯಾ?" ಎಂದು, ಇಳಿದು ತಳ್ಳಿಕೊಡುವವನ ಹಾಗೆ ಕೇಳಿಯೇ ಮುಂದೆ ಹೋದ. ಅಪ್ಪ ಗಾಜು ಏರಿಸಿದರು.

"ಅಪ್ಪ, ಇದಕ್ಕೆ ಪಿಕಪ್ಪೇ ಇಲ್ಲ," ಅಂದೆ.

"ಗಾಡಿಗೆ ಎಂತ ಆಗ್ಲಿಲ್ಲ. ಲೋಡ್ ಉಂಟಲ್ಲ ಮಾರಾಯ್ತಿ! ನಿನ್ನ ಬೆನ್ನಿಗೆ ಒಂದು ಡ್ರಮ್ ಕಟ್ತೇನೆ, ಹತ್ತು ನೋಡುವ."

ಆ ವ್ಯಾನನ್ನು ಯಾರಾದರೂ ಹಳಿದರೆ ಅಪ್ಪ ಸಹಿಸುತ್ತಿರಲಿಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಕೊಂಡದ್ದು ಅದು. ಮದುವೆ, ತಿಥಿ ಎಂದು ಅದೆಷ್ಟು ಸಲ ಉಡುಪಿಗೆ ಹೋಗಿ ಬಂದಿದೆಯೋ, ಕಿಲೋಮೀಟರ್ ತೋರಿಸುವ ಮೀಟರೇ ಸಾಕಪ್ಪಾ ಎಂದು ನಿಂತುಹೋಗಿ ವರ್ಷಗಳಾದವು. ಹಿಟ್ಟು ಸಾಗಿಸುವ ಗಾಡಿಯಾದ್ದರಿಂದ, ಡ್ಯಾಶ್‌ಬೋರ್ಡಿನ ಮೇಲೆ ದೇವರೂ ಇರುವುದರಿಂದ, ಅಡುಗೆಮನೆಯ ನಿಯಮವೇ ಅದಕ್ಕೂ: ಚಪ್ಪಲಿ ಒಳಗೆ ಬರಕೂಡದು. ಅಪ್ಪ ಚಪ್ಪಲಿಯನ್ನು ಚೀಲಕ್ಕೆ ಹಾಕಿ ಸೀಟಿನ ಹಿಂದಿಟ್ಟು ಬರಿಗಾಲಿನಲ್ಲೇ ಓಡಿಸುತ್ತಿದ್ದರು. ಒಮ್ಮೆ ಹಿಟ್ಟು ಚೆಲ್ಲಿ, ಡ್ರೈವರ್ ಕಡೆಯ ಮ್ಯಾಟಿನ ಅಡಿಗೆ ಹೋಗಿ ಹುಳಿ ನಾತ ಹೊಡೆಯಿತು. ಅಮ್ಮ ಮೂಗು ಮುಚ್ಚಿಕೊಂಡು ಆ ಮ್ಯಾಟನ್ನು ಎಸೆದಳು. ಬೇರೆ ತರುವ ಎಂದುಕೊಂಡದ್ದೇ ಬಂತು, ಯಾರೂ ತರಲಿಲ್ಲ. ಅಲ್ಲಿ ಬರೀ ತಗಡು ಉಳಿಯಿತು.

ಎಸ್ಟೇಟಿನ ಗೇಟಿನ ಹತ್ತಿರ ಒಂದು ಗ್ಯಾರೇಜು. ಅದರ ಮೆಕ್ಯಾನಿಕ್ ವಿಜಯಪುರದ ಕಡೆಯವನು, ನಮ್ಮ ಕ್ಯಾಂಟೀನಿನಲ್ಲೇ ನಾಷ್ಟಾ ಮಾಡುವವನು. ಕೊನೆಗೆ ನಾನೇ ಗಾಡಿಯನ್ನು ಅವನ ಹತ್ತಿರ ಒಯ್ದೆ. ಈ ವ್ಯಾನಿನ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇದೆ. ಅವನು ಸೀಟು ಎತ್ತಿ, ಏರ್ ಫಿಲ್ಟರ್ ಹೊರತೆಗೆದು ನೆಲಕ್ಕೆ ಕುಟ್ಟಿದ. ಚೆಲ್ಲಿ ಒಣಗಿದ ಹಿಟ್ಟಿನ ಧೂಳು ಭರ್ರೆಂದು ಎದ್ದಿತು.

"ಅಕ್ಕಾರ, ಇದರಾಗ ಒಂದ್ ದೋಸೆ ಆಗ್ತದ ನೋಡ್ರಿ! ಇಂಜಿನ್ನಿಗೆ ಉಸರಾಡಾಕ ಬ್ಯಾಡೇನ್ರಿ?"

ಫಿಲ್ಟರ್ ಹೊಸದು ಬಂತು. ಗಾಡಿಯನ್ನು ಫ್ಲೈಓವರ್ ಹತ್ತಿಸಿ ಇಳಿಸಿ ತಂದು, "ಬಾಣ ಬಿಟ್ಟಂಗ ಹೋತ್ರಿ," ಅಂದ. ಮರುದಿನ ಬೆಳಿಗ್ಗೆ ಅಪ್ಪನ ಹಿಂದೆ ಮತ್ತದೇ ಮೆರವಣಿಗೆ. ಆಮೇಲೆ ಪ್ಲಗ್ ಬದಲಾಯಿಸಿದ. ಪೆಟ್ರೋಲ್ ಬರುವ ಪೈಪು ಬಿಚ್ಚಿ ಊದಿದ. ಕ್ಲಚ್ ಪ್ಲೇಟ್ ಸವೆದಿದೆ ಎಂದು ಅದನ್ನೂ ಹೊಸದು ಹಾಕಿದ. ಪ್ರತಿ ಸಲವೂ ಅವನ ಕೈಯಲ್ಲಿ ಬಾಣ, ಅಪ್ಪನ ಕೈಯಲ್ಲಿ ಎತ್ತಿನಗಾಡಿ. ಕ್ಲಚ್ ಹಾಕಿಸಿದ ದಿನ ನಾನೂ ಓಡಿಸಿದೆ. ಗ್ಯಾರೇಜಿನಿಂದ ನೇರ ಹತ್ತಿದವಳು, ಕಾಲಲ್ಲಿ ಶೂ ಇತ್ತು, ಬಿಚ್ಚುವ ಗೋಜಿಗೆ ಹೋಗಲಿಲ್ಲ. ಗಾಡಿ ಸಲೀಸಾಗಿ ಏರಿತು.

ಇದಕ್ಕೆ ನಮ್ಮೆಲ್ಲರ ಬಳಿಯೂ ಒಂದೇ ಉತ್ತರವಿತ್ತು: ಲೋಡು. ರಿಪೇರಿ ನಡೆಯುವುದು ಮಧ್ಯಾಹ್ನದ ಮೇಲೆ, ಆ ಹೊತ್ತಿಗೆ ಡ್ರಮ್ಮುಗಳೆಲ್ಲ ಖಾಲಿ. ಬೆಳಗಿನ ಹಿಟ್ಟು ಇಡ್ಲಿಯಾಗಿ ಯಾರದೋ ಹೊಟ್ಟೆ ಸೇರಿರುತ್ತದೆ. ಪರೀಕ್ಷೆಗೆಂದು ಯಾರು ಹಿಟ್ಟು ರುಬ್ಬುತ್ತಾರೆ? ತುಂಬಿದ ಗಾಡಿಯನ್ನು ಅಪ್ಪನಲ್ಲದೆ ಬೇರೆ ಯಾರೂ ಹತ್ತಿಸಿಯೇ ಇರಲಿಲ್ಲ. ಇಂಜಿನ್ ಮುದಿಯಾಗಿದೆ, ಭಾರ ಎಳೆಯಲಾರದು ಎಂದು ಮೆಕ್ಯಾನಿಕ್ಕೂ ಕೈಚೆಲ್ಲಿದ.

"ಗುಜರಿಗೆ ಕೊಟ್ಟುಬಿಡುವ," ಎಂದು ಊಟದ ಹೊತ್ತಿಗೆ ಹೇಳಿದೆ. "ಬೆಳಿಗ್ಗೆ ಟೆಂಪೋದವನಿಗೆ ಹೇಳಿದರೆ ಆಯ್ತು. ಕ್ಯಾಂಟೀನಿನ ಹುಡುಗರೇ ಇಳಿಸಿಕೊಳ್ತಾರೆ." ಅಮ್ಮ ನನ್ನ ಪಕ್ಷ.

ಅಪ್ಪ ಕಲಸಿದ ಅನ್ನದಿಂದ ಕೈ ತೆಗೆದರು. "ಗಾಡಿ ಕೊಟ್ಟು ನಾನು ಎಂತ ಮಾಡುದು? ಟೀವಿ ಎದುರು ಕೂತು ನಿನ್ನ ಅಮ್ಮನ ಸೀರಿಯಲ್ ನೋಡುದಾ?"

ಕ್ಯಾಂಟೀನಿನ ಗಲ್ಲಾ, ಅಡುಗೆ ಎಲ್ಲ ಆಗಲೇ ಬೇರೆಯವರ ಕೈಗೆ ಹೋಗಿತ್ತು. ಇದೇ ನಗರದ ಫೋರ್ಟ್ ಬಡಾವಣೆಯ ಹೋಟೆಲೊಂದರಲ್ಲಿ ಟೇಬಲ್ ಒರೆಸಿ ಬದುಕು ಶುರುಮಾಡಿದ ಮನುಷ್ಯನಿಗೆ ಉಳಿದಿದ್ದ ಕೆಲಸವೆಂದರೆ ಹಿಟ್ಟು ಮುಟ್ಟಿಸುವುದು. ನನಗೆ ಅಯ್ಯೋ ಅನಿಸಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನಡು ಏರಿನಲ್ಲಿ ಗಾಡಿ ನಿಂತು ಹಿಂದಿನ ಬಸ್ಸು ಬಂದು ಗುದ್ದಿದರೆ? ಕೇಳಿಯೇಬಿಟ್ಟೆ.

ಕೊನೆಗೆ ಅವರೇ ಒಂದು ದಾರಿ ಹೇಳಿದರು. "ನಾಳೆ ಫುಲ್ ಲೋಡು, ನೀನೇ ಓಡಿಸು. ಹತ್ತದಿದ್ರೆ ಕೊಡುವ. ಹತ್ತಿದ್ರೆ ನೀನು ಬಾಯಿ ಮುಚ್ಚುದು."

ಬೆಳಿಗ್ಗೆ ಅಪ್ಪ ಪಕ್ಕದಲ್ಲೇ ಕೂತಿದ್ದರಿಂದ ನಿಯಮ ಮುರಿಯುವಂತಿರಲಿಲ್ಲ. ಚಪ್ಪಲಿ ಬಿಚ್ಚಿ ಹತ್ತಿದೆ. ಸ್ಟೇಷನ್ ಹತ್ತಿರದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವಾಗ ಅಂಗಾಲು ಬೆಚ್ಚಗಾಗತೊಡಗಿತು. ಫ್ಲೈಓವರಿನ ಬುಡ ಮುಟ್ಟುವಷ್ಟರಲ್ಲಿ ತಗಡು ದೋಸೆ ಕಾವಲಿಯಾಗಿತ್ತು.

"ಅಯ್ಯಬ್ಬಾ! ಎಂತ ಬಿಸಿ ಅಪ್ಪ ಇದು! ಹೇಗೆ ಓಡಿಸ್ತೀರಿ ನೀವು?"

"ಎಂತ ಬಿಸಿ?" ಅಂದರು ಅಪ್ಪ. "ಮುಂದೆ ನೋಡು. ಗೇರ್ ಹಾಕು."

ಹಿಮ್ಮಡಿ ಎತ್ತಿ ಹಿಡಿದು, ಬೆರಳುಗಳಿಂದಲೇ ಎಕ್ಸಲರೇಟರನ್ನು ಕೊನೆಯವರೆಗೆ ಒತ್ತಿದೆ. ಗಾಡಿ ಗುರ್ ಎಂದು ಏರಿತು. ಹಿಂದೆ ಡ್ರಮ್ಮುಗಳು ಗಣಗಣ ಎಂದವು. ಒಂದು ರಿಕ್ಷಾವನ್ನು ಹಿಂದೆ ಹಾಕಿದೆ, ಇನ್ನೊಂದನ್ನೂ. ಅಪ್ಪ ಡ್ಯಾಶ್‌ಬೋರ್ಡಿಗೆ ಫಟ್ಟೆಂದು ತಟ್ಟಿ, "ನೋಡು! ನಾನು ಹೇಳ್ಲಿಲ್ವಾ? ಗಾಡಿಗೆ ಎಂತ ಆಗ್ಲಿಲ್ಲ!" ಎಂದು ನಕ್ಕರು. ಅವರು ಹಾಗೆ ನಕ್ಕು ಬಹಳ ದಿನವಾಗಿತ್ತು. ನಾನೂ ನಕ್ಕೆ. ಆಚೆ ಇಳಿಯುವಾಗ ನನ್ನ ಕಾಲು ಚುರುಗುಟ್ಟುತ್ತಲೇ ಇತ್ತು, ಅವರ 'ಎಂತ ಬಿಸಿ?' ಮಾತ್ರ ತಲೆಯಿಂದ ಹೋಗಲಿಲ್ಲ.

ಕ್ಯಾಂಟೀನಿನ ಹಿಂದಿನ ನಲ್ಲಿಯಲ್ಲಿ ಕಾಲು ತೊಳೆಯದೆ ಅಪ್ಪ ಒಳಗೆ ಹೋಗುವವರಲ್ಲ. ಅವರು ತೊಳೆಯುತ್ತಿದ್ದಾಗ, "ಬಲಗಾಲು ಎತ್ತಿ ನೋಡುವ," ಅಂದೆ. ಹಿಮ್ಮಡಿಯಲ್ಲಿ ಬೊಕ್ಕೆಯೊಂದು ಒಡೆದು ತೇವವಾಗಿತ್ತು. ಅದರ ಸುತ್ತ ಹಳೆಯ ಸುಟ್ಟ ಕಲೆಗಳು.

"ಇದು ಯಾವಾಗ ಆದದ್ದು?"

"ಯಾವುದು?" ಎಂದು ಬಗ್ಗಿ ಇಣುಕಿದರು. ಬೇರೆ ಯಾರದೋ ಕಾಲು ನೋಡುವಂತೆ ನೋಡಿದರು.

ಅಪ್ಪನಿಗೆ ಶುಗರ್ ಬಂದು ಎಷ್ಟೋ ವರ್ಷವಾಗಿತ್ತು. ಡಾಕ್ಟರ ಎದುರು ಸಪ್ಪೆ ಚಹಾ, ಬೆನ್ನ ಹಿಂದೆ ಸಿಹಿ ಚಹಾ. ಕಾಲಿನ ಬಗ್ಗೆ ನಾವು ಯಾರೂ ಯೋಚಿಸಿರಲಿಲ್ಲ. ಅವರನ್ನು ಅಲ್ಲೇ ಇದ್ದ ಕ್ರೇಟಿನ ಮೇಲೆ ಕೂರಿಸಿ, ಆ ಕಾಲಿನ ಹೆಬ್ಬೆರಳು ಹಿಡಿದುಕೊಂಡೆ. "ಆ ಕಡೆ ನೋಡಿ ಅಪ್ಪ. ಒತ್ತುತ್ತೇನೆ, ಗೊತ್ತಾದ ಕೂಡಲೇ ಹೇಳಿ."

ಅಪ್ಪ ಇಡ್ಲಿ ಪಾತ್ರೆಗಳ ಕಡೆ ಮುಖ ಮಾಡಿದರು. ಸ್ವಲ್ಪ ಹೊತ್ತು ಕಾದರು.

"ಒತ್ತು ಮಾರಾಯ್ತಿ, ಹೊತ್ತಾಗ್ತದೆ."

ನನ್ನ ಉಗುರು ಆಗಲೇ ಅವರ ಚರ್ಮದೊಳಕ್ಕೆ ಇಳಿದಿತ್ತು.

"ಒತ್ತಿದ್ದೇನೆ ಅಪ್ಪ."

ಅವರು ತಿರುಗಿ ನೋಡಿದರು. ನನ್ನ ಕೈ, ತಮ್ಮ ಬೆರಳು, ಮತ್ತೆ ನನ್ನ ಕೈ. "ನಾನು ಎಕ್ಸಲರೇಟರ್ ಪೂರ್ತಿ ಒತ್ತುತ್ತಾ ಇದ್ದೇನೆ ಅಂತಲೇ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಬ್ರೇಕಿನ ಮೇಲೆ ಹೋಗುವುದೂ ಇದೇ ಕಾಲು ಎಂದು ನನಗೆ ಹೊಳೆಯಿತು. ಅವರಿಗೂ ಹೊಳೆದಿರಬೇಕು. ಟವೆಲಿನಿಂದ ಆ ಕಾಲನ್ನು ತುಂಬ ನಿಧಾನವಾಗಿ ಒರೆಸಿಕೊಂಡರು.

ಅಷ್ಟರಲ್ಲಿ ಮೆಕ್ಯಾನಿಕ್ ನಾಷ್ಟಾಕ್ಕೆ ಬಂದ. ನಮ್ಮ ಪಂದ್ಯವನ್ನು ರಾತ್ರಿಯೇ ಅವನಿಗೆ ಫೋನಿನಲ್ಲಿ ಹೇಳಿದ್ದೆ. "ಏನ್ರಿ ಅಣ್ಣಾರ, ಲೋಡ್ ಹಾಕ್ಕೊಂಡು ಏರಿತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: "ಇಲ್ಲ ಮಾರಾಯ, ನೀನು ಹೇಳಿದ್ದೇ ಸರಿ. ಗಾಡಿಗೆ ವಯಸ್ಸಾಯ್ತು. ಪಿಕಪ್ ಇಲ್ಲ."

ಅಭ್ಯಾಸದಂತೆ ನಾನು ಚಾವಿಯನ್ನು ಅವರತ್ತ ಚಾಚಿದ್ದೆ. ಅವರು ಅದನ್ನು ತೆಗೆದುಕೊಳ್ಳದೆ ಡ್ರಮ್ ಇಳಿಸಲು ಹೋದರು.